ದೇವರು ಕೊಟ್ಟವನು, ತಿಪ್ಪೆಯಲ್ಲಿ ಸಿಕ್ಕವನು

ತರೀಕೆರೆಯಲ್ಲಿ ನಾನೂ ಅವ್ವನೂ ನಡೆಸುವ ಮೆಸ್ಸಿಗೆ ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಹಳ ಎತ್ತರದ ಬಿಳಿಯ ಮನುಷ್ಯನೊಬ್ಬ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದ. ಭದ್ರಾ ನೀರೆತ್ತುವ ದೊಡ್ಡ ಪಂಪುಗಳನ್ನು ಕೂರಿಸಿಕೊಡಲು ಸರ್ಬಿಯಾ ದೇಶದಿಂದ ಬಂದಿದ್ದ ಮೆಕ್ಯಾನಿಕ್. ವಯಸ್ಸು ಐವತ್ತರ ಆಸುಪಾಸು. ಪಿಯುಸಿ ಇಂಗ್ಲಿಷಿನ ಧೈರ್ಯದ ಮೇಲೆ ನಾನೇ ಮಾತಾಡಿಸಿದೆ. ಅನ್ನ ಸಾಕು ಅನ್ನುತ್ತಾನೆಂದುಕೊಂಡಿದ್ದೆ. ಅವನು ಪಕ್ಕದವರ ತಟ್ಟೆಯ ಮುದ್ದೆ ತೋರಿಸಿ ಅದೇ ಬೇಕೆಂದ. ಅಗಿಯಬಾರದು, ನುಂಗಬೇಕು ಎಂದು ಅವ್ವ ಕೈಸನ್ನೆಯಲ್ಲೇ ಕಲಿಸಿದಳು. ಅಂದಿನಿಂದ ದಿನಾ ಬರತೊಡಗಿದ.

ಒಂದು ಭಾನುವಾರ ಅಣ್ಣನೂ ಊಟಕ್ಕೆ ಬಂದಿದ್ದ. ಅವನು ಕಡೂರಿನಿಂದ ನಮ್ಮ ಮೂಲ ಊರಾದ ಯಗಟಿ ಕಡೆಗೆ ಓಡುವ ಬಸ್ಸಿನ ಡ್ರೈವರ್. ಅವನಿಗೆ ಮನೆಯಲ್ಲಿ ಇಟ್ಟಿದ್ದು 'ತಿಪ್ಪೆ'ಯಿಂದ ಶುರುವಾಗುವ ಹೆಸರು. ಶಾಲೆಯಲ್ಲಿ ಅದಕ್ಕಾಗಿ ಅವನು ಅನುಭವಿಸಿದ್ದು ಅಷ್ಟಿಷ್ಟಲ್ಲ. ಕೆಲಸ ಸಿಕ್ಕ ಮೇಲೆ ಮೊದಲು ಮಾಡಿದ್ದೇ ಅಫಿಡವಿಟ್ ಬರೆಸಿ ಹೆಸರು ಬದಲಿಸಿಕೊಂಡದ್ದು. ಆ ಹೊಸ ಹೆಸರನ್ನು ಅವ್ವ ಒಂದು ದಿನವೂ ಬಾಯಲ್ಲಿ ಆಡಲಿಲ್ಲ. ಹಳೆಯದಕ್ಕೆ ಅವನು ಓಗೊಡಲಿಲ್ಲ. ಹೀಗಾಗಿ ಇಪ್ಪತ್ತು ವರ್ಷದಿಂದ ಇಬ್ಬರ ನಡುವೆ "ಬಾ", "ಉಣ್ಣು", "ಹೊರಟ್ಯಾ" ಇಷ್ಟೇ ಮಾತು.

ಅವತ್ತು ಸಾರು ಬಡಿಸುತ್ತ ಅವ್ವ, "ಈಯಪ್ಪನ ಹೆಸರೇನಂತೆ, ಕೇಳೇ," ಅಂದಳು.

"ಬೊಗ್ದಾನ್," ಅಂದ ಅವನು.

"ಬೋಗುಣೀನಾ? ಮಗೀಗೆ ಯಾರಾದ್ರೂ ಪಾತ್ರೆ ಹೆಸರಿಡ್ತಾರೇನೇ?"

ಒಲೆಯ ಮೇಲಿದ್ದ ಬೋಗುಣಿ ತೋರಿಸಿ ನಾನು ವಿಷಯ ತಿಳಿಸಿದಾಗ ಅವನು ಬಹಳ ನಕ್ಕ. ಆಮೇಲೆ ಮೇಜಿನ ಮೇಲೆ ಒದ್ದೆ ಬೆರಳಿನಿಂದ ಹೆಸರನ್ನು ಎರಡು ತುಂಡು ಮಾಡಿ ಬರೆದ. ಬೊಗ್ ಅಂದರೆ ಅವರ ಭಾಷೆಯಲ್ಲಿ ದೇವರು. ದಾನ್ ಅಂದರೆ ಕೊಟ್ಟದ್ದು. ತನ್ನ ಅಮ್ಮನಿಗೆ ಮೊದಲೆರಡು ಕೂಸು ಉಳಿಯಲಿಲ್ಲ, ಇನ್ನು ಆಸೆ ಬಿಡಿ ಎಂದು ಡಾಕ್ಟರು ಹೇಳಿದ ಮೇಲೆ ತಾನು ಹುಟ್ಟಿದೆ, ಅದಕ್ಕೇ ಈ ಹೆಸರು ಎಂದ.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವ್ವನ ಕೈಯಲ್ಲಿದ್ದ ಸೌಟು ನಿಂತಿತು.

"ನಂಗೂ ಎರಡು ಹೋದ್ವು ಕಣಪ್ಪಾ," ಅಂದಳು, ಅವನ ಮುಖವನ್ನೇ ನೋಡುತ್ತ.

ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ಅದು ಗೊತ್ತಿರಲಿಲ್ಲ. ಅವ್ವ ಹೇಳುತ್ತಾ ಹೋದಳು. ನಮಗೆ ಹೇಳದಿದ್ದುದನ್ನು ತನ್ನ ಒಂದು ಮಾತೂ ತಿಳಿಯದ ಆ ಮನುಷ್ಯನಿಗೆ ಹೇಳಿದಳು.

"ಮೊದಲ್ನೇದು ಹದಿಮೂರು ದಿವ್ಸಕ್ಕೆ ಹೋಯ್ತು. ಎರಡ್ನೇದು ನಗೋಕೆ ಕಲ್ತಿತ್ತು, ಆಮೇಲೆ ಹೋಯ್ತು. ಮೂರ್ನೇದು ಇವ್ನು. ಹುಟ್ಟಿದ್ ತಕ್ಷಣ ನಮ್ಮತ್ತೆ ಮೊರದಲ್ಲಿ ಮಲಗ್ಸಿ ಯಗಟಿ ಮನೆ ಹಿಂದ್ಲ ತಿಪ್ಪೆ ಮೇಲೆ ಇಟ್ಬಂದ್ರು. ಪಕ್ಕದ ಮನೆಯಾಕೆ, 'ತಿಪ್ಪೇಲಿ ಕೂಸು ಸಿಕ್ತು, ಯಾರಿಗೆ ಬೇಕು' ಅಂತ ಎತ್ಕೊಂಬಂದ್ಲು. ನಾನು ಒಂದು ಸೇರು ತೌಡು ಕೊಟ್ಟು ಈಸ್ಕೊಂಡೆ. ನನ್ ಮಗ ಅಂದ್ರೆ ದೇವ್ರು ತಗಂಡೋಗ್ತಾನೆ, ತಿಪ್ಪೇದು ಅಂದ್ರೆ ಬಿಟ್ಟೋಗ್ತಾನೆ ಅಂತ."

ತಿಪ್ಪೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಹೊಳೆಯಲಿಲ್ಲ. ಗೊಬ್ಬರ, ಗುಡ್ಡೆ ಎಂದು ಹೇಗೋ ದಾಟಿಸಿದೆ. ಅವನಿಗೆ ಅರ್ಥವಾಯಿತು. ಊಟ ಬಿಟ್ಟು ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ. ತಮ್ಮಲ್ಲೂ ಹಿಂದೆ ಹೀಗೇ ಇತ್ತು ಎಂದ. ಕೂಸು ಉಳಿಯದ ಮನೆಯಲ್ಲಿ ಹುಟ್ಟಿದ ಮಗುವಿಗೆ 'ತೋಳ' ಎಂದು ಹೆಸರಿಡುತ್ತಿದ್ದರಂತೆ, ಕೆಟ್ಟದ್ದೆಲ್ಲ ಹೆದರಿ ದೂರವಿರಲಿ ಎಂದು. ಅವನ ಅಜ್ಜಿ ತೋಳ ಎಂದೇ ಇಡಿ ಅಂದಿದ್ದಳು. ಅಮ್ಮ ಒಪ್ಪದೆ ದೇವರ ಹೆಸರು ಹಿಡಿದಳು. ಎಲ್ಲಿಯ ಸರ್ಬಿಯಾ, ಎಲ್ಲಿಯ ಯಗಟಿ.

ಅಣ್ಣನ ಕೈ ತಟ್ಟೆಯಲ್ಲೇ ಒಣಗಿತ್ತು. "ಅವೆರಡು ಗಂಡಾ ಹೆಣ್ಣಾ, ಅವ್ವಾ?" ಎಂದು ಕೇಳಿದ.

"ಎರಡೂ ಗಂಡೇ."

"ಹೆಸರಿಟ್ಟಿದ್ರಾ?"

"ಚಂದದ ಹೆಸರೇ ಇಟ್ಟಿದ್ವಿ. ಅದ್ಕೇ ಆಮೇಲೆ ಹೆದ್ರಿಕೆ ಆಗಿದ್ದು."

ಅಣ್ಣ ಎದ್ದು ಹೋಗಿ ಕೈ ತೊಳೆದ.

ಮರುದಿನ ನಾನು ಇದನ್ನೆಲ್ಲ ನಮ್ಮಲ್ಲಿ ಊಟಕ್ಕೆ ಬರುವ ಸಂಸ್ಕೃತದ ಮೇಷ್ಟ್ರಿಗೆ ಹೇಳಿದೆ. ಅಜ್ಜಂಪುರದಿಂದ ದಿನವೂ ಓಡಾಡುವವರು. ಊಟದ ಹೊತ್ತಿನಲ್ಲಿ ಮಾತೇ ಆಡರು. ಹೆಸರು ಕೇಳಿದವರೇ ತುತ್ತು ಕೆಳಗಿಟ್ಟರು.

"ಆ ಬೊಗ್ ಅನ್ನೋದು ನಮ್ಮ 'ಭಗ'ದ ನಂಟಿನ ಪದ ಕಣಮ್ಮಾ. ಭಗವಂತ ಅಂತೀವಲ್ಲ, ಅದೇ. ಇರಾನಿನ ಕಡೆಯಿಂದ ಅವರಿಗೆ ಹೋಯ್ತು ಅಂತಾನೂ ಕೆಲವ್ರು ಅಂತಾರೆ. ಇನ್ನು ದಾನ್ ಅಂದ್ರೆ ನಮ್ಮ ದಾನವೇ. ಭಗ ಅಂದ್ರೆ ಮೊದಲು ಪಾಲು ಅಂತ ಅರ್ಥ. ಭಾಗ, ಭಾಗ್ಯ, ಎಲ್ಲಾ ಅಲ್ಲಿಂದಲೇ."

ಅಷ್ಟರಲ್ಲಿ ಮೆಕ್ಯಾನಿಕ್ ಬಂದ. ನಾನು ವಿವರಿಸಿದಾಗ ತಮ್ಮಲ್ಲಿ ಸಿರಿವಂತನಿಗೆ 'ಬೊಗಾತ್' ಅನ್ನುತ್ತಾರೆಂದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಹೆಸರಿನ ಸುದ್ದಿ ಅವನು ಹೇಳಿದಷ್ಟೂ ಮುಗಿಯಲಿಲ್ಲ. ಅವನ ಎಳೆತನದಲ್ಲಿ ಅದು ಹಳೇ ಕಾಲದ ಹೆಸರೆಂದು ನಗುತ್ತಿದ್ದರಂತೆ. ಈಗ ಅವನೂರಿನ ಅಂಗನವಾಡಿಯಂಥ ಶಾಲೆಯಲ್ಲಿ ಕರೆದರೆ ನಾಲ್ಕು ಮಕ್ಕಳು ತಿರುಗಿ ನೋಡುತ್ತವಂತೆ. ಪೋಲೆಂಡಿನಲ್ಲಿ ಅದು ತಾತಂದಿರ ಹೆಸರು. ಉಕ್ರೇನಿನಲ್ಲಿ ಬೊಹ್ದಾನ್ ಆಗುತ್ತದೆ. ಬೇರೆ ಬಗೆಯ ಭಾಷೆಯಾಡುವ ರೊಮೇನಿಯಾದವರೂ ಅದನ್ನು ತಮ್ಮದೇ ಮಾಡಿಕೊಂಡಿದ್ದಾರೆ. ಭೂಪಟವನ್ನೇ ಸರಿಯಾಗಿ ನೋಡದ ನಾನು ಸೌಟು ಹಿಡಿದು ಬೆರಗಾಗಿ ನಿಂತಿದ್ದೆ. ಅಷ್ಟು ದೇಶಗಳ ತಾಯಂದಿರು ಒಂದೇ ಮಾತು ಹೇಳಿಕೊಂಡು ಬಂದಿದ್ದರು: ಇವನು ದೇವರು ಕೊಟ್ಟವನು, ನಮ್ಮ ಕೈಲಿರಲಿಲ್ಲ.

ಅವ್ವನಿಗೆ ಹಿಡಿಸಿದ್ದು ಪಾಲಿನ ಮಾತು. "ಪಾಲಿಗೆ ಬಂದಿದ್ದೇ ಪಂಚಾಮೃತ, ಅಷ್ಟೇಯ," ಎಂದು ಒಳಗೆ ಹೋದಳು.

ಆ ವಾರ ಅಣ್ಣ ರಜೆ ಹಾಕಿ, ಬೇರೆಯವರು ಓಡಿಸುವ ತನ್ನದೇ ಬಸ್ಸಿನಲ್ಲಿ ನಮ್ಮಿಬ್ಬರನ್ನೂ ಯಗಟಿಗೆ ಕರೆದುಕೊಂಡು ಹೋದ. ತಿಪ್ಪೆಯ ಜಾಗದಲ್ಲಿ ಯಾರದೋ ಮನೆ ಎದ್ದಿತ್ತು, ಅಂಗಳದಲ್ಲಿ ಕೊಬ್ಬರಿ ಒಣಗುತ್ತಿತ್ತು. ಅವನನ್ನು ಎತ್ತಿ ತಂದಾಕೆ ಇನ್ನೂ ಬದುಕಿದ್ದರು. ಕಣ್ಣು ಕಾಣದ ಮುದುಕಿ. ಅವ್ವ ಅಣ್ಣನನ್ನು ಮುಂದೆ ಕೂರಿಸಿದಳು. ಅವರು ಅವನ ತಲೆ, ಕಿವಿ, ಮೀಸೆ ಎಲ್ಲವನ್ನೂ ಸವರಿ ನೋಡಿದರು.

"ಏನಂತ ಕರೀತಾರಪ್ಪಾ ನಿನ್ನ?" ಅಂದರು.

ಅಣ್ಣ ತಿಪ್ಪೆಯ ಹೆಸರನ್ನೇ ಹೇಳಿದ.

"ಹ್ಞೂ ಕಣೋ, ನೀನೇಯ," ಅಂದರು ಮುದುಕಿ, ಅವನ ಎರಡೂ ಕೈ ಹಿಡಿದುಕೊಂಡು. "ಮೊರ ಎತ್ತಿದಾಗ್ಲೇ ಅಂದ್ಕೊಂಡಿದ್ದೆ. ಭಾರ ಐತೆ, ಇದು ಉಳೀತದೆ ಅಂತ."