ಪಕ್ಕದ ಮನೆಯವಳ ಬಗ್ಗೆ ಒಂದು ಪ್ರಶ್ನೆ

ಸಮಾಜ ಮನೋವಿಜ್ಞಾನ ಪಾಠ ಮಾಡುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಜನ ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನು. ನೀನು ಯಾಕೆ ಹಾಗೆ ನಡೆದುಕೊಂಡೆ ಎಂದರೆ ಮಾತ್ರ ಬಾಯಿ ಕಟ್ಟುತ್ತದೆ.

ಆರೇಳು ವರ್ಷದ ಹಿಂದೆ, ನೆರೆಹೊರೆಯವರ ನಂಬಿಕೆಯ ಬಗ್ಗೆ ಒಂದು ಸಂಶೋಧನೆ ಹಿಡಿದು ದೊಡ್ಡಬಳ್ಳಾಪುರದಾಚೆ, ಘಾಟಿ ಕಡೆಯ ಒಂದು ಹಳ್ಳಿಗೆ ಹೋಗುತ್ತಿದ್ದೆ. ಹೆಂಗಸರೆಲ್ಲ ಒಟ್ಟಿಗೆ ಸಿಗುವುದು ಬೆಳಗ್ಗೆ ಹಾಲಿನ ಡೈರಿಯ ಮುಂದೆ. ಅಲ್ಲಿ ಸಾಲಿನಲ್ಲಿ ನಿಲ್ಲುವುದು ಕ್ಯಾನುಗಳು. ಒಡತಿಯರು ಜಗಲಿಯ ಮೇಲೆ ಕೂತಿರುತ್ತಾರೆ. ಯಾರೂ ಯಾರ ಕ್ಯಾನನ್ನೂ ಹಿಂದೆ ಸರಿಸುವುದಿಲ್ಲ. ‘ಪಕ್ಕದ ಮನೆಯವರನ್ನು ಎಷ್ಟು ನಂಬುತ್ತೀರಿ? ಒಂದರಿಂದ ಐದರೊಳಗೆ ಹೇಳಿ’ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಎಲ್ಲರೂ ಐದು ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಬಸ್‌ಸ್ಟಾಪಿಗೆ ಹೊರಟಾಗ, ಅದೇ ಜಗಲಿಯಲ್ಲಿ ಐದು ಎಂದಿದ್ದ ಅರವತ್ತು ದಾಟಿದ ಹೆಂಗಸೊಬ್ಬಳು ಹಿಂದೆಯೇ ಬಂದಳು.

“ಏನವ್ವಾ, ಓದಿದೋಳು ನೀನು. ಪಕ್ಕದ್ಮನೆಯವಳು ಎದುರಿಗೇ ಕೂತವ್ಳೆ, ಐದು ಅನ್ನದೆ ಇನ್ನೇನು ಅನ್ಲಿ? ನಾವು ಮಾತು ಬಿಟ್ಟು ಮೂರು ವರ್ಷ ಆಯ್ತು. ಮನೆಗೆ ಬಾ, ಹೊಟ್ಟೇಲಿರೋದೆಲ್ಲ ಹೇಳ್ತೀನಿ.”

“ಮುಂದಿನ ವಾರ ಬರ್ತೀನಮ್ಮ,” ಅಂದೆ.

ಹೋಗಲಿಲ್ಲ. ವರದಿಯ ಗಡುವಿತ್ತು, ಆಮೇಲೆ ಪರೀಕ್ಷೆ, ಆಮೇಲೆ ಮೌಲ್ಯಮಾಪನ. ಹಳೆಯ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಹಾಗೆ ಆಕೆಯನ್ನು ನಾಳೆಗೆ ತಳ್ಳುತ್ತ ಬಂದೆ. ತರಗತಿಯಲ್ಲಿ ಮಾತ್ರ ಆಕೆಯ ಮಾತು ಹೇಳಿ ವರ್ಷವರ್ಷವೂ ಮಕ್ಕಳನ್ನು ನಗಿಸಿದೆ. ಭಂಡತನಕ್ಕೂ ಒಂದು ಮಿತಿ ಬೇಡವೇ? ನಗು ನಿಂತ ಮೇಲೆ ನನಗೇ ಕಸಿವಿಸಿಯಾಗುತ್ತಿತ್ತು. ಕಪಾಟಿನ ತುಂಬ ಪ್ರಶ್ನಾವಳಿಗಳಿದ್ದವು; ತಾನಾಗಿ ಕರೆದು ನಿಜ ಹೇಳುತ್ತೇನೆಂದವಳು ಆಕೆಯೊಬ್ಬಳೇ. ಆಕೆಯ ಮುಂದೆ ಕೂತು ಅದನ್ನು ಕೇಳಬೇಕೆಂಬ ಹಂಬಲ ವರ್ಷ ಕಳೆದಂತೆ ಹೆಚ್ಚಿತು. ನನ್ನ ಹೆಸರಿನ ಮುಂದಿದ್ದ ಪದವಿಗಳೆಲ್ಲ ಆ ಒಂದು ಉತ್ತರದ ಮುಂದೆ ಸಪ್ಪೆ ಅನ್ನಿಸುತ್ತಿದ್ದವು.

ನಿವೃತ್ತಿಯಾದ ತಿಂಗಳಲ್ಲೇ ಹೋದೆ. ಆಕೆ ಗುರುತು ಹಿಡಿದಳು, ಕಾಫಿ ಕೊಟ್ಟಳು. “ಈಗ ಹೇಳಮ್ಮ, ಅದಕ್ಕೇ ಬಂದಿದೀನಿ,” ಎಂದೆ.

ಆಕೆ ಬೀಗ ಹಾಕಿದ ಪಕ್ಕದ ಮನೆಯತ್ತ ನೋಡಿದಳು.

“ಅವಳು ತೀರ್ಕೊಂಡು ಎರಡು ವರ್ಷ ಆಯ್ತು ಕಣವ್ವ. ಅವಳು ನಮ್ಮ ಹಿತ್ತಲು ಒತ್ಕೊಂಡಿದ್ದು, ನನ್ನ ಸೊಸೆಗೆ ಕಿವಿ ಊದಿದ್ದು, ಎಲ್ಲಾ ಹೇಳ್ಬೇಕು ಅಂತಿದ್ದೆ. ನೀನು ಬರ್ತೀಯ ಅಂತ ಡೈರಿಯಿಂದ ಬೇಗ ಬಂದು ಎಷ್ಟು ದಿನ ಕಾದಿದೀನಿ. ಊರೋರ್ಗೆ ಹೇಳಿದ್ರೆ ಜಗಳ ಹೆಚ್ತದೆ. ನಿನ್ನ ಮುಂದೆ ಅಂದ್ಬಿಟ್ರೆ ನನ್ನ ಸಿಟ್ಟು ಇಳೀತದೆ, ಆಮೇಲೆ ನಾನೇ ಹೋಗಿ ಅವಳ್ನ ಮಾತಾಡಿಸ್ಬೋದು ಅನ್ಕೊಂಡಿದ್ದೆ.”