ಲಾಲಮ್ಮನ ಹಿತ್ತಲಿನ ಬಾಗಿದ ಅಂಚು

ವಾಡಿ ಸಮೀಪದ ಒಂದು ಸುಣ್ಣಕಲ್ಲು ಗಣಿಯ ಕಚೇರಿಯಲ್ಲಿ ಸರಸ್ವತಿಬಾಯಿ ನಕ್ಷೆ ಬರೆಯುತ್ತಿದ್ದಳು. ೧೯೮೮ರಲ್ಲಿ ಅಲ್ಲಿಗೆ ನಕ್ಷೆ ಬಿಡಿಸುವ ಕಂಪ್ಯೂಟರ್ ಬಂತು. ಗಣಿ ಹಿಗ್ಗುತ್ತಿದ್ದುದರಿಂದ ಹಳ್ಳದ ದಂಡೆಯ ಒಂದು ಓಣಿಯನ್ನು ಬೇರೆಡೆಗೆ ಸಾಗಿಸಬೇಕಿತ್ತು. ಯಾರು ಎಷ್ಟು ಜಾಗ ಬಿಟ್ಟುಕೊಡುತ್ತಾರೋ ಅವರಿಗೆ ಅಷ್ಟೇ ಹೊಸ ಜಾಗ. ಒಂದೊಂದು ಮನೆಯ ವಿಸ್ತೀರ್ಣವನ್ನೂ ಕೈಯಿಂದ ಲೆಕ್ಕ ಹಾಕಿ ಬೇಸತ್ತ ಆಕೆ, ಕೈಪಿಡಿ ಓದಿ ಓದಿ, ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಪರದೆಯ ಮೇಲೆ ಜಾಗದ ಗಡಿಯನ್ನು ತೋರಿಸಿದರೆ ಸಾಕು, ವಿಸ್ತೀರ್ಣ ತಾನೇ ಮೂಡುತ್ತಿತ್ತು. ಮೇಲಧಿಕಾರಿ ಮಜೀದಸಾಬರು ಓಣಿಯ ಲೆಕ್ಕವನ್ನೆಲ್ಲ ಅದರಿಂದಲೇ ಮಾಡಿಸಿ, ಹೊಸ ಜಾಗದಲ್ಲಿ ಗೂಟ ಹೊಡೆಸಿದರು.

ನಕ್ಷೆಗಳು ಚಿತ್ತಾಪುರದ ತಾಲೂಕು ಕಚೇರಿಗೆ ಹೋಗಬೇಕಾದ ದಿನ ಬೆಳಿಗ್ಗೆ ಆ ಓಣಿಯ ಲಾಲಮ್ಮ ಬಂದು ಬಾಗಿಲಲ್ಲಿ ನಿಂತಳು.

“ಬಾಯಾರ, ಈಗ ನನ್ನ ಹಿತ್ತಲದಾಗ ಎರಡು ಎಮ್ಮಿ ಕಟ್ತೀನ್ರಿ. ನೀವು ಗೂಟ ಹೊಡದ ಜಾಗದಾಗ ಒಂದೇ ನಿಂದ್ರತದ. ಉಳದ ಜಾಗ ಎಲ್ಲಿ ಹೋಯ್ತ್ರಿ?”

“ಮಷೀನ್ ಲೆಕ್ಕ ಲಾಲಮ್ಮ, ತಪ್ಪಂಗಿಲ್ಲ” ಎಂದಳು ಸರಸ್ವತಿಬಾಯಿ.

ಲಾಲಮ್ಮ ಹೋದಳು. ಆದರೆ ಸರಸ್ವತಿಬಾಯಿಗೆ ಮನಸ್ಸು ತಡೆಯಲಿಲ್ಲ, ಪರದೆಯ ಮೇಲೆ ಆ ಮನೆಯ ನಕ್ಷೆ ತೆರೆದಳು. ಆ ಹಿತ್ತಲು ಹಳ್ಳದ ತಿರುವಿನಲ್ಲಿತ್ತು, ಅದರ ಅಂಚು ಬಿಲ್ಲಿನಂತೆ ಹೊರಕ್ಕೆ ಬಾಗಿತ್ತು. ಪ್ರೋಗ್ರಾಂ ಆ ಬಾಗನ್ನು ಅರಿಯದೆ, ಎರಡು ತುದಿಗಳನ್ನು ನೇರ ಗೆರೆಯಿಂದ ಸೇರಿಸಿ, ಆಚೆ ಉಳಿದ ನೆಲವನ್ನು ಬಿಟ್ಟೇಬಿಟ್ಟಿತ್ತು. ಹಳ್ಳದುದ್ದಕ್ಕೂ ಮನೆಗಳು. ಇನ್ನೆಷ್ಟು ಜನರ ಜಾಗ ಹೀಗಾಗಿದೆಯೋ! ಹೇಳಿದರೆ ಕೆಲಸ ಹೋದೀತು. ಉಳಿದರೂ ಕಂಪ್ಯೂಟರ್ ಮುಟ್ಟಲು ಬಿಟ್ಟಾರೆಯೇ? ಅಷ್ಟರಲ್ಲಿ ಹೊರಗೆ ನಕ್ಷೆಗಳನ್ನು ಒಯ್ಯುವ ಜೀಪು ಶುರುವಾದ ಸದ್ದು ಕೇಳಿಸಿತು.

ಚಪ್ಪಲಿ ಮೆಟ್ಟದೆ ಓಡಿದಳು.

“ಸಾಹೇಬ್ರ, ನಿಂದರ್ರಿ! ಲೆಕ್ಕ ತಪ್ಯಾದ.”

“ಈಗ ಹೇಳ್ಲಿಕತ್ತೀರೇನ್ರಿ? ಅಲ್ಲಿ ತಹಸೀಲ್ದಾರ್ ಸಾಹೇಬ್ರು ಕಾಯ್ಲಿಕತ್ತಾರ!” ಮಜೀದಸಾಬರ ಮುಖ ಕೆಂಪಾಯಿತು.

“ಗಡಿ ಬಾಗಿದಲ್ಲೆಲ್ಲಾ ತಪ್ಯಾದ್ರಿ. ನಂದೇ ತಪ್ಪು.”

ಅವರು ಜೀಪು ಬಂದ್ ಮಾಡಿಸಿ, “ಪೂರಾ ಓಣಿ ಲೆಕ್ಕ ಮತ್ತ ಹಾಕ್ರಿ. ಈ ಸಲ ಕೈಲೆನೂ ಮಾಡಿ ನೋಡ್ರಿ” ಎಂದರು.

ಬಾಗಿದ ಗೆರೆಯ ಲೆಕ್ಕವನ್ನು ಪ್ರೋಗ್ರಾಂಗೆ ಸೇರಿಸಲು ವಾರ ಹಿಡಿಯಿತು. ಲಾಲಮ್ಮನ ಜಾಗ ಹಿಗ್ಗಿತು. ಆದರೆ ಹಳ್ಳ ಒಳಕ್ಕೆ ಬಾಗಿದ ಕಡೆ ಮನೆಯಿದ್ದ ಪೀರಪ್ಪನದು ಕುಗ್ಗಿತು. ಮೊದಲ ಲೆಕ್ಕದಲ್ಲಿ ಹಳ್ಳದ ನೀರೂ ಅವನ ಪಾಲಿಗೆ ಸೇರಿತ್ತು. “ಕೊಟ್ಟು ಕಸಗೊಂಡ್ರಲ್ಲ ಬಾಯಾರ!” ಎಂದು ಅವನು ಬಸ್ಸಿನಲ್ಲಿ ಎಲ್ಲರೆದುರು ಕೂಗಿದ. ಸರಸ್ವತಿಬಾಯಿ ಮುಂದಿನ ನಿಲ್ದಾಣದಲ್ಲೇ ಇಳಿದು ನಡೆದು ಹೋದಳು.

ಕೆಲಸವೇನೋ ಉಳಿಯಿತು. ಆದರೆ ಪರದೆಯ ಮೇಲೆ ಅಂಕಿ ಮೂಡಿದಾಗಲೆಲ್ಲ, ಎಷ್ಟೋ ವರ್ಷ, ಅವಳು ಕಾಗದ ತೆಗೆದು ಕೈಯಿಂದಲೂ ಲೆಕ್ಕ ಹಾಕಿ ನೋಡುತ್ತಿದ್ದಳು.