ಅತ್ತೆಯ ತೊಡೆಯ ಮೇಲಿದ್ದ ಕಾಲು

ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ನನ್ನ ಎಡಗಾಲು ತೊಡೆಯವರೆಗೂ ಬಾತುಕೊಂಡು ಬಾಳೆದಿಂಡಿನಂತಾಯಿತು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದ ಡಾಕ್ಟರು ಇಂಜೆಕ್ಷನ್ ಕೊಟ್ಟರು, ಮಾತ್ರೆ ಬರೆದರು. ಜೀವ ಉಳಿಯಿತು, ಬಾವು ಮಾತ್ರ ಪೂರ್ತಿ ಇಳಿಯಲಿಲ್ಲ. ಕರೋಶಿಯ ತವರಿನಿಂದ ಶಿರಗುಪ್ಪಿಯ ಗಂಡನ ಮನೆಗೆ ಕೂಸಿನ ಜೊತೆ ಆ ಭಾರದ ಕಾಲನ್ನೂ ಎಳೆದುಕೊಂಡು ಬಂದೆ.

ಮಗಳು ಶಾಲೆಗೆ ಹೋಗುವ ಹೊತ್ತಿಗೆ ಪಾದದ ಮೇಲಿನ ಹರಡಿನ ಒಳಮಗ್ಗುಲಲ್ಲಿ ಚರ್ಮ ಕಪ್ಪಾಯಿತು, ತುರಿಸಿತು, ಒಂದು ದಿನ ಒಡೆಯಿತು. ಹುಣಸೆಬೀಜದಷ್ಟಿದ್ದ ಗಾಯ ಅಂಗೈಯಗಲ ಆಯಿತು. ಹಚ್ಚದ ಮುಲಾಮಿಲ್ಲ. ಒಣಗಿದಂತೆ ಕಂಡು ಮತ್ತೆ ಒಸರುತ್ತಿತ್ತು. ಓಣಿಯ ಹೆಂಗಸರು ಆನೆಕಾಲು ಎಂದು ಪಿಸುಗುಟ್ಟಿದರು. ವಾಸನೆಗೆ ನಾಚಿ ನಾನು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟೆ. ಹೊಲಕ್ಕೂ ಹೋಗಲಿಲ್ಲ. ಸ್ವಲ್ಪ ನಿಂತರೆ ಕಾಲು ಸಿಡಿದು ಹೋಗುತ್ತದೇನೋ ಎನ್ನಿಸುತ್ತಿತ್ತು.

ನನ್ನ ಅತ್ತೆ ತೆಲಸಂಗದ ಒಣಬೇಸಾಯದ ಮನೆಯಿಂದ ಬಂದವಳು. ಸಣಕಲು ಮೈ, ಮಾತು ಕಡಿಮೆ. ಒಂದು ಬೆಳಿಗ್ಗೆ ಎಮ್ಮೆ ಹಿಂಡಿ ಬಂದು ಕೈ ತೊಳೆದು ಕಟ್ಟೆಯ ಮೇಲೆ ಕೂತು ತನ್ನ ತೊಡೆ ತಟ್ಟಿದಳು.

"ಇಡ ಇಲ್ಲಿ."

"ಅತ್ತಿ, ನಿಮ್ಮ ತೊಡಿ ಮ್ಯಾಲ ಕಾಲ ಹೆಂಗ ಇಡ್ಲಿರಿ? ಪಾಪ ಬರತೈತಿ."

"ಬಂದರ ನನಗ ಬರ್ಲಿ. ನೀ ಇಡ."

ಅಂದಿನಿಂದ ಬೆಳಗಾದರೆ ಅದೇ ಕೆಲಸ. ಕುದಿಸಿ ಆರಿಸಿದ ನೀರಿನಲ್ಲಿ ಗಾಯ ತೊಳೆಯುವಳು, ಅರಿವೆ ಇಡುವಳು, ಪಾದದಿಂದ ಮೊಣಕಾಲಿನವರೆಗೆ ಪಟ್ಟಿ ಸುತ್ತುವಳು. ಒಮ್ಮೆಯೂ ಮುಖ ತಿರುಗಿಸಿದ್ದನ್ನು ನಾನು ಕಾಣೆ. ತವರಿನಿಂದ ಕರೆ ಬಂದರೆ, "ನಾ ಬಂದರ ಇಕಿ ಕಾಲ ಯಾರ ನೋಡತಾರ?" ಎಂದು ಫೋನ್ ಇಡುತ್ತಿದ್ದಳು.

ಹೀಗೆ ವರ್ಷಗಳು ಕಳೆದವು. ಕಳೆದ ವರ್ಷ ಯಾರೋ ಹೇಳಿದರೆಂದು ನನ್ನ ಗಂಡ ನನ್ನನ್ನೂ ಅತ್ತೆಯನ್ನೂ ಮಿರಜಿನ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದರು. ಎಲ್ಲರೂ ಗಾಯ ನೋಡುತ್ತಿದ್ದರು, ಇವರು ಹೊಟ್ಟೆ ನೋಡಿದರು. ಕಿಬ್ಬೊಟ್ಟೆಯ ಮೇಲೆ ಉಬ್ಬಿ ಹರಿದಾಡಿದ್ದ ನೀಲಿ ನರಗಳನ್ನು ಬೆರಳಿನಿಂದ ಮುಟ್ಟಿ, ಸ್ಕ್ಯಾನ್ ಮಾಡಿಸಿ, ನಮ್ಮನ್ನು ಕೂರಿಸಿಕೊಂಡು ಮಾತಾಡಿದರು.

"ಗಾಯ ಕಾಲಾಗ ಐತ್ರಿ, ಖರೆ ತ್ರಾಸ ಮ್ಯಾಲ ಐತಿ. ಟೊಂಕದ ಒಳಗ ಎಡಗಾಲಿನ ರಕ್ತ ಮ್ಯಾಲ ಒಯ್ಯೂ ದೊಡ್ಡ ನಾಳ ಮುಚ್ಚೇತಿ. ರಕ್ತ ಮ್ಯಾಲ ಹೋಗಾಕ ದಾರಿ ಇಲ್ದ ಕಾಲಾಗ ನಿಂತೈತಿ. ಆ ನಾಳ ಹಿಗ್ಗಿಸಿ ಒಳಗ ಒಂದ ತಂತಿ ಜಾಳಗಿ ಕೊಳವಿ ಇಡತೀವಿ. ಅದಕ್ಕ ಸ್ಟೆಂಟ್ ಅಂತಾರ."

ಅತ್ತೆ ಮೆಲ್ಲಗೆ ಕೇಳಿದಳು: "ಅದ ತುಕ್ಕ ಹಿಡಿಯಂಗಿಲ್ಲೇನ್ರಿ?"

ಡಾಕ್ಟರು ನಗಲಿಲ್ಲ. "ಇಲ್ಲ ಆಯಿ, ಅದ ತುಕ್ಕ ಹಿಡಿಯೂ ಕಬ್ಬಣ ಅಲ್ಲ," ಎಂದರು.

ಸ್ಟೆಂಟ್ ಹಾಕುವಾಗ ನನಗೆ ಎಚ್ಚರವಿತ್ತು. ತೊಡೆಯಷ್ಟೇ ಮರಗಟ್ಟಿತ್ತು. ಮಗ್ಗುಲಿನ ಪರದೆಯ ಮೇಲೆ ನಾಳಕ್ಕೆ ಬಿಟ್ಟ ಔಷಧದ ಕಪ್ಪು ನೆರಳು ನೂರು ಸಂದಿಗೊಂದಿಗಳಲ್ಲಿ ದಾರಿ ಹುಡುಕುತ್ತ ತಡಕಾಡುತ್ತಿತ್ತು. "ಈಗ ಟೊಂಕ ನೋಯತೈತಿ, ತಡಕೋರಿ," ಎಂದರು ಡಾಕ್ಟರು. ನಾಳ ಹಿಗ್ಗಿಸುವ ಪುಟ್ಟ ಬಲೂನು ಒಳಗೆ ಉಬ್ಬಿದಾಗ ಹೆರಿಗೆಯ ನೋವು ಮತ್ತೆ ಬಂದಂತಾಗಿ ಹಲ್ಲು ಕಚ್ಚಿದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಆ ನೆರಳು ಒಂದೇ ಧಾರೆಯಾಗಿ ಮೇಲಕ್ಕೆ ಹರಿಯಿತು. ವಾರ್ಡಿಗೆ ಬಂದಾಗ ಕಾಲು ನನ್ನದಲ್ಲವೇನೋ ಎನ್ನುವಷ್ಟು ಹಗುರವಾಗಿತ್ತು. ಅತ್ತೆ ಮೀನಖಂಡ ಒತ್ತಿ ನೋಡಿ, "ಮೆತ್ತಗಾಗೈತಿ ನೋಡ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಊರಿಗೆ ಬಂದ ಮೇಲೆ ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಮೂಡತೊಡಗಿತು. ದಿನವೂ ಪಟ್ಟಿ ಬಿಚ್ಚುವಾಗ ಅತ್ತೆಯ ಮುಖ ಅರಳುತ್ತಿತ್ತು. ಆದರೆ ಕೊಟ್ಟಿಗೆಯಿಂದ ಕಟ್ಟೆಗೆ ಬರುವಷ್ಟರಲ್ಲೇ ಆಕೆ ಏದುಸಿರು ಬಿಡುವುದು ನನ್ನ ಕಣ್ಣಿಗೆ ಬಿತ್ತು.

"ದಮ್ ಹತ್ತಾಕತ್ತೈತಲ್ಲ ಅತ್ತಿ. ನಾಳೆನ ದವಾಖಾನಿಗೆ ಹೋಗೂಣ ನಡೀರಿ."

"ಮದಲ ನಿನ್ನ ಕಾಲ ಆರ್ಲಿ. ಆಮ್ಯಾಲ ನಂದ ನೋಡೂಣು."

ಗಂಡನೂ ಹೇಳಿದರು, ಬೈದರು. ಆಕೆ ಒಪ್ಪಲಿಲ್ಲ.

ಒಂದು ಮಧ್ಯಾಹ್ನ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, "ಯಾಕೋ ಎದಿ ಹಿಡದಂಗ ಆಗೇತಿ," ಎಂದು ಗೋಡೆಗೆ ಒರಗಿದಳು. ಹೊಲದಲ್ಲಿದ್ದ ಗಂಡ ಓಡಿ ಬಂದರು, ಗಾಡಿ ತಂದರು, ಮಿರಜಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ಕಾಗವಾಡ ದಾಟುವ ಮೊದಲೇ ಆಕೆಯ ಕೈ ನನ್ನ ಕೈಯಲ್ಲಿ ಸಡಿಲವಾಯಿತು. ಮುಂದೆ ಗಂಡ ಗಾಡಿ ಓಡಿಸುತ್ತಲೇ ಇದ್ದರು.

ಅತ್ತೆಯನ್ನು ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ನನ್ನ ಕಾಲು ಯಾರಿಗೂ ನೆನಪಿರಲಿಲ್ಲ, ನನಗೂ. ಪಟ್ಟಿ ಒದ್ದೆಯಾದಾಗಲೇ ಎಚ್ಚರವಾಯಿತು. ಕಟ್ಟೆಯ ಮೇಲೆ ಕೂತು ಬಿಚ್ಚುತ್ತಿದ್ದರೆ ಗಂಡ ಎದುರು ಬಂದು ಕೂತರು.

"ನಾ ಕಟ್ಟಲೇನ?"

ಕಬ್ಬು ಕಡಿದು ಒರಟಾದ ಕೈಗಳಿಂದ ಸುತ್ತತೊಡಗಿದರು. ಪಟ್ಟಿ ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಜಾರುತ್ತಿತ್ತು. "ಅವ್ವ ಹೆಂಗ ಸುತ್ತತಿದ್ಲಲೇ ಇದನ್ನ?" ಎಂದವರೇ ಪಟ್ಟಿಯನ್ನು ಮುಖಕ್ಕೊತ್ತಿಕೊಂಡು ಬಿಕ್ಕಿದರು. ಆಮೇಲೆ ನಾನೇ ಕಲಿತೆ.

ಗಾಯ ಪೂರ್ತಿ ಮುಚ್ಚಿದ್ದನ್ನು ಕಂಡ ಬೆಳಿಗ್ಗೆ "ಅತ್ತೀ" ಎಂದು ಕೂಗಿಯೇ ಬಿಟ್ಟೆ. ಒಳಗಿನಿಂದ ಮಗಳು ಬಂದು ಪಕ್ಕದಲ್ಲಿ ಕೂತಳು.

ಈಗ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೇನೆ, ಬಿಗಿ ಕಾಲುಚೀಲ ಹಾಕುತ್ತೇನೆ, ಮನೆಗೆಲಸವೆಲ್ಲ ಮಾಡುತ್ತೇನೆ. ಅತ್ತೆಯನ್ನು ನಮ್ಮದೇ ಕಬ್ಬಿನ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದಾರೆ. ಮೊನ್ನೆ ಅಲ್ಲಿಗೆ ಒಬ್ಬಳೇ ನಡೆದು ಹೋದೆ. ನಡುವೆ ಎಲ್ಲಿಯೂ ಕೂರಲಿಲ್ಲ. ಮಣ್ಣಿನ ಮೇಲೆ ಬೆಳೆದ ಹುಲ್ಲು ಕಿತ್ತು, ನೀರು ಹಾಕಿ, ಮಗಳು ಶಾಲೆಯಿಂದ ಬರುವ ಹೊತ್ತಾಯಿತೆಂದು ಮನೆಗೆ ಬಂದೆ.